ಆಲಿಕೆ ಬಂಡಿಯ ಅವಾಂತರಗಳು

ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಹೋದಾಗ ನೀವು ಒಂದು ದೃಶ್ಯವನ್ನು ನೋಡಿರುತ್ತೀರಿ. ಗಿರಣಿಯಾತ ತಗಡಿನ ಆಲಿಕೆಗೆ ರಾಗಿ ಸುರಿಯುತ್ತಾನೆ. ಅದು ತನ್ನಷ್ಟಕ್ಕೆ ಕೆಳಗಿಳಿಯುತ್ತದೆ. ಆದರೆ ಕಾಳು ಸ್ವಲ್ಪ ಹಸಿಯಾಗಿದ್ದರೆ ಇಳಿಯುವುದು ನಿಂತುಹೋಗುತ್ತದೆ. ಆಗ ಆತ ಒಂದು ಮರದ ತುಂಡಿನಿಂದ ಆಲಿಕೆಯ ಪಕ್ಕಕ್ಕೆ ಎರಡೇಟು ಹಾಕುತ್ತಾನೆ. ರಾಗಿ ಮತ್ತೆ ಇಳಿಯುತ್ತದೆ. ಆ ತಗಡನ್ನು ಗಮನಿಸಿ, ಏಟು ಬಿದ್ದ ಜಾಗವೆಲ್ಲ ತಗ್ಗಾಗಿರುತ್ತದೆ.

ಈ ಆಲಿಕೆಯನ್ನು 50 ಟನ್ ಕಲ್ಲಿದ್ದಲು ಹಿಡಿಯುವಷ್ಟು ದೊಡ್ಡದು ಮಾಡಿ, ಕೆಳಗೆ ಎಂಟು ಚಕ್ರಗಳನ್ನು ಜೋಡಿಸಿ, ಅಂಥ ಐವತ್ತು ಅರವತ್ತನ್ನು ಒಂದರ ಹಿಂದೆ ಒಂದು ಕಟ್ಟಿ ಬೆಟ್ಟದ ಇಳಿಜಾರಿನಲ್ಲಿ ಬಿಟ್ಟರೆ ಹೇಗಿರುತ್ತದೆ? ಅಮೆರಿಕದ ರೈಲುಮಾರ್ಗಗಳಲ್ಲಿ ಸುಮಾರು ನೂರು ವರ್ಷ ನಡೆದದ್ದು ಇದೇ. ಹಾಪರ್ ಎಂದು ಅಲ್ಲಿ ಕರೆಯುವ ಈ ಬಂಡಿಗೆ ಮೇಲ್ಛಾವಣಿ ಇಲ್ಲ. ತಳ ಎರಡು ತುದಿಗಳಿಂದ ನಡುವಿಗೆ ಇಳಿಜಾರು, ಅಲ್ಲಿ ಕೆಳಮುಖ ಬಾಗಿಲುಗಳು. ಬಾಗಿಲು ತೆರೆದರೆ ಗುರುತ್ವವೇ ಕೂಲಿಯಾಳು. ನೋಡಲು ಇಷ್ಟು ಸರಳವಾದ ಬಂಡಿಯೊಳಗೆ ಪದವಿ ತರಗತಿಯ ಯಂತ್ರಶಾಸ್ತ್ರದ ಅರ್ಧ ಪಠ್ಯವೇ ಅಡಗಿದೆ. ಅದನ್ನು ಅರಿಯದ ಕಾಲದಲ್ಲಿ ಬೆಲೆ ತೆತ್ತವರು ಮಾತ್ರ ಬಂಡಿಯ ಮೇಲೆ ಮತ್ತು ಅಡಿಯಲ್ಲಿ ದುಡಿಯುತ್ತಿದ್ದವರು.

ಶಂಕುವಿನ ಆಕಾರಕ್ಕೊಂದು ಮೊಕದ್ದಮೆ

ಮೊದಲ ಕಲ್ಲಿದ್ದಲು ಬಂಡಿಗಳು ಮರದ ಚೌಕ ಪೆಟ್ಟಿಗೆಗಳು. ಪುಡಿ ಮತ್ತು ಗಟ್ಟಿಗಳ ರಾಶಿ ದ್ರವದಂತೆ ಪಕ್ಕಕ್ಕೂ ಒತ್ತುತ್ತದೆ, ಆದರೆ ದ್ರವದಷ್ಟು ಅಲ್ಲ. ಚಪ್ಪಟೆ ಗೋಡೆ ಈ ಒತ್ತಡಕ್ಕೆ ಬಾಗುತ್ತದೆ. ಅದನ್ನು ತಡೆಯಲು ದಪ್ಪ ಹಲಗೆ, ಪಟ್ಟಿ, ಊರೆಗಂಬ ಬೇಕು. ಕೊನೆಗೆ ಬಂಡಿಯೇ ಸರಕಿನಷ್ಟು ಭಾರವಾಗುತ್ತದೆ.

ಬಾಲ್ಟಿಮೋರಿನ ರಾಸ್ ವೈನನ್ಸ್ ಎಂಬ ಯಂತ್ರಗಾರ ಇದಕ್ಕೊಂದು ಉಪಾಯ ಕಂಡು 1847ರಲ್ಲಿ ಪೇಟೆಂಟ್ ಪಡೆದ. ಬಂಡಿಯ ಒಡಲನ್ನು ಕಬ್ಬಿಣದ ತಗಡಿನಲ್ಲಿ ತಲೆಕೆಳಗಾದ ಶಂಕುವಿನ ಭಿನ್ನಕದಂತೆ, ಅಂದರೆ ನಮ್ಮ ಬಕೀಟಿನಂತೆ, ಮಾಡಿದ. ದುಂಡನೆಯ ಗೋಡೆಯ ಮೇಲೆ ಒತ್ತಡ ಸುತ್ತಲೂ ಸಮನಾಗಿ ಬೀಳುವುದರಿಂದ ತಗಡು ಬಾಗುವುದಿಲ್ಲ, ಬರೇ ಎಳೆತಕ್ಕೆ ಒಳಗಾಗುತ್ತದೆ. ಎಳೆತವನ್ನು ತಡೆಯಲು ತೆಳು ತಗಡು ಸಾಕು. ಬಕೀಟಿನ ತಳವನ್ನು ಚೌಕಟ್ಟಿಗಿಂತ ಕೆಳಕ್ಕೆ ಇಳಿಸಿದ್ದರಿಂದ ಗುರುತ್ವಕೇಂದ್ರವೂ ತಗ್ಗಿತು. ತಳವನ್ನೇ ಬಾಗಿಲಾಗಿ ಮಾಡಿದ.

ಡೆನ್ಮೀಡ್ ಎಂಬವರ ಕಾರ್ಖಾನೆ ಇದನ್ನು ನೋಡಿ, ವೃತ್ತದ ಬದಲು ಎಂಟು ಮೂಲೆಯ ಬಂಡಿಯನ್ನು ಮಾಡಿತು. ವೈನನ್ಸ್ ನ್ಯಾಯಾಲಯಕ್ಕೆ ಹೋದ. ಎಂಟು ಮೂಲೆಯ ಆಕಾರ ಶಂಕುವೇ ಅಲ್ಲ ಎಂದು ಎದುರಾಳಿಗಳ ವಾದ. ಜ್ಯಾಮಿತಿಯ ಮೇಷ್ಟ್ರು ಹೌದೆನ್ನುತ್ತಾರೆ. ಆದರೆ ಭೌತವಿಜ್ಞಾನದ ಮೇಷ್ಟ್ರು? ಅಷ್ಟಭುಜದ ಗೋಡೆಯೂ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಒತ್ತಡವನ್ನು ಹೊರುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ವೈನನ್ಸ್ ಪರ ನಿಂತಿತು. 1853ರ ಸಾಲಿನ ಈ ಪ್ರಕರಣವನ್ನು ಪೇಟೆಂಟ್ ಕಾನೂನು ಓದುವವರು ಇಂದಿಗೂ ಓದುತ್ತಾರೆ. ಅಕ್ಷರ ಬೇರೆಯಾದರೂ ಕೆಲಸ ಮಾಡುವ ತತ್ವ ಒಂದೇ ಆದರೆ ಅದು ನಕಲೇ ಎಂಬ ನಿಯಮದ ಹುಟ್ಟು ಒಂದು ಕಲ್ಲಿದ್ದಲು ಬಂಡಿಯಲ್ಲಿದೆ ಎಂಬುದು ನನಗಂತೂ ಸೋಜಿಗ.

ಬಕೀಟು ಬಂಡಿಗಳು ಗಟ್ಟಿಯಾಗಿದ್ದರೂ ಚಿಕ್ಕವು. ಶತಮಾನದ ಕೊನೆಗೆ ಉಕ್ಕು ಅಗ್ಗವಾಯಿತು. 1897ರಲ್ಲಿ ಪಿಟ್ಸ್‌ಬರ್ಗಿನ ಶೋಯೆನ್ ಎಂಬುವನ ಕಾರ್ಖಾನೆ, ತಗಡನ್ನು ಅಚ್ಚಿನಲ್ಲಿ ಒತ್ತಿ, 50 ಟನ್ ಹೊರುವ ಉಕ್ಕಿನ ಹಾಪರುಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡತೊಡಗಿತು. ಚೌಕ ಪೆಟ್ಟಿಗೆ ಮರಳಿ ಬಂತು, ಈ ಬಾರಿ ಉಕ್ಕಿನಲ್ಲಿ.

ಉಕ್ಕಿಗೆ ಕಲ್ಲಿದ್ದಲೇ ಶತ್ರು. ಕಲ್ಲಿದ್ದಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಸಂಯುಕ್ತ, ನೀರು ಮತ್ತು ಗಾಳಿ ಸೇರಿದರೆ ಗಂಧಕಾಮ್ಲ ಕೊಡುತ್ತದೆ. ಮಳೆಯಲ್ಲಿ ನೆನೆದ ಕಲ್ಲಿದ್ದಲು ಹೊತ್ತ ಬಂಡಿ ಎಂದರೆ ದುರ್ಬಲ ಆಮ್ಲದ ತೊಟ್ಟಿಯೇ. ಅದರ ಮೇಲೆ ಗಟ್ಟಿಗಳು ಉಜ್ಜುತ್ತಾ ಇಳಿದು, ಹಿಡಿದ ತುಕ್ಕನ್ನೂ ಕೆರೆದು ಹೊಸ ಲೋಹವನ್ನು ಆಮ್ಲಕ್ಕೆ ಒಡ್ಡುತ್ತವೆ. ತಳದ ತಗಡು ಒಳಗಿನಿಂದ ಸವೆದು ಕಾಗದದಂತಾಗುತ್ತಿತ್ತು. ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಇರುತ್ತಿತ್ತು. ಸ್ವಲ್ಪ ತಾಮ್ರ ಬೆರೆತ ಉಕ್ಕು ಹೆಚ್ಚು ಬಾಳುತ್ತದೆ ಎಂಬ ಅರಿವು ಮೂಡಿ, ಕೊನೆಗೆ 1933ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ಕಾರ್-ಟೆನ್ ಎಂಬ ಮಿಶ್ರಲೋಹವನ್ನು ಹೊರತಂದಿತು. ಅದರ ತುಕ್ಕೇ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಇಂದು ಸೇತುವೆಗಳಲ್ಲಿ, ಕಟ್ಟಡಗಳಲ್ಲಿ, ಶಿಲ್ಪಗಳಲ್ಲಿ ಕಾಣುವ ಆ ಕಂದು ಉಕ್ಕಿನ ಮೊದಲ ಉದ್ಯೋಗ ಕಲ್ಲಿದ್ದಲು ಹಾಪರಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಉಕ್ಕಿನ ಅಭಾವವಾದಾಗ ಮತ್ತೆ ಮರದ ಗೋಡೆಯ ಹಾಪರುಗಳನ್ನೂ ಕಟ್ಟಿದರು; ಯುದ್ಧದ ನಂತರ ಅವುಗಳಲ್ಲಿ ಅನೇಕಕ್ಕೆ ಮರ ಕಿತ್ತು ತಗಡು ಹಾಕಬೇಕಾಯಿತು.

ಇಳಿಯದ ಕಲ್ಲಿದ್ದಲು

ಈಗ ಬಾಗಿಲಿಗೆ ಬರೋಣ. ಹಳೆಯ ಹಾಪರಿನ ಬಾಗಿಲನ್ನು ಸರಪಳಿಯಿಂದ ಒಂದು ಅಡ್ಡ ಅಚ್ಚಿಗೆ ಸುತ್ತಿ, ಹಲ್ಲುಚಕ್ರ ಮತ್ತು ತಡೆಗೊಕ್ಕೆಯಿಂದ ನಿಲ್ಲಿಸುತ್ತಿದ್ದರು, ಹೆಚ್ಚುಕಡಿಮೆ ಬಾವಿಯ ರಾಟೆಯಂತೆ. ತೆರೆಯಲು ಅಚ್ಚಿಗೆ ಕಬ್ಬಿಣದ ಸಲಾಕೆ ತೂರಿಸಿ ಸ್ವಲ್ಪ ಬಿಗಿ ಮಾಡಿ, ಕೊಕ್ಕೆ ತಪ್ಪಿಸಿ, ಸಲಾಕೆಯನ್ನು ಎಳೆದುಕೊಳ್ಳಬೇಕು. ಎಳೆದುಕೊಳ್ಳುವುದು ತಡವಾದರೆ? ಒಂದು ಲೆಕ್ಕ ಹಾಕಿ. ಬಾಗಿಲಿನ ವಿಸ್ತೀರ್ಣ 0.8 ಚದರ ಮೀಟರ್, ಮೇಲೆ 2.5 ಮೀಟರ್ ಎತ್ತರದ ಕಲ್ಲಿದ್ದಲು, ರಾಶಿಯ ಸಾಂದ್ರತೆ ಘನ ಮೀಟರಿಗೆ 800 ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಬಾಗಿಲ ಮೇಲೆ ಸುಮಾರು ಒಂದೂವರೆ ಟನ್ ಭಾರ. ಅಷ್ಟೂ ಭಾರ ಸರಪಳಿಯ ಮೂಲಕ ಅಚ್ಚನ್ನು ತಿರುಗಿಸುತ್ತದೆ. ಕೈಯಲ್ಲಿದ್ದ ಸಲಾಕೆ ಆಗ ಬೀಸುವ ಗದೆ. ಮುಂದೆ ಸರಪಳಿ ಹೋಗಿ ಚಿಲಕದ ಬಾಗಿಲು ಬಂತು. ಅದನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಬೇಕು. ಹೊಡೆಯುವವನು ನಿಲ್ಲುವುದು ಬಾಗಿಲಿನ ಪಕ್ಕದಲ್ಲಿಯೇ.

ಬಾಗಿಲು ತೆರೆದರೂ ಕಲ್ಲಿದ್ದಲು ಇಳಿಯದಿದ್ದರೆ ಇನ್ನೂ ಕಷ್ಟ. ರಾಶಿಯೊಳಗಿನ ಗಟ್ಟಿಗಳು ಒಂದಕ್ಕೊಂದು ಆತುಕೊಂಡು ಬಾಗಿಲಿನ ಮೇಲೆ ಕಮಾನು ಕಟ್ಟುತ್ತವೆ. ಕಲ್ಲಿನ ಕಮಾನು ನಿಲ್ಲುವುದೂ ಇದೇ ತತ್ವದಿಂದ. ಮೇಲಿನ ಭಾರ ಹೆಚ್ಚಿದಷ್ಟೂ ಕಲ್ಲುಗಳು ಬಿಗಿಯಾಗುತ್ತವೆ. ಭಾರವನ್ನು ಬಾಗಿಲಿನ ಬದಲು ಪಕ್ಕದ ಗೋಡೆಗಳು ಹೊರುತ್ತವೆ. ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ 1895ರಲ್ಲಿ ಧಾನ್ಯದ ಕಣಜಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ್ದು ಇದನ್ನೇ: ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತಲೇ ಹೋಗುತ್ತದೆ, ಕಾಳಿನ ಒತ್ತಡ ಒಂದು ಮಿತಿ ಮುಟ್ಟಿ ನಿಲ್ಲುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ಎರಡೂ ತುದಿ ತೆರೆದ ಪ್ಲಾಸ್ಟಿಕ್ ಕೊಳವೆಯೊಂದನ್ನು ಸ್ಟ್ಯಾಂಡಿಗೆ ಬಿಗಿದು, ಅದರ ತಳ ತಕ್ಕಡಿಯ ತಟ್ಟೆಯಿಂದ ಕೂದಲೆಳೆಯಷ್ಟು ಮೇಲಿರುವಂತೆ ನಿಲ್ಲಿಸಿ. ಅಳೆದ ರಾಗಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ತಕ್ಕಡಿಯ ಅಂಕಿ ನೋಡಿ. ಮೊದಲು ಏರುತ್ತದೆ, ಆಮೇಲೆ ಎಷ್ಟು ಸುರಿದರೂ ಅಷ್ಟಾಗಿ ಏರುವುದಿಲ್ಲ. ಉಳಿದ ತೂಕ ಎಲ್ಲಿಗೆ ಹೋಯಿತು ಎಂದು ಮಕ್ಕಳನ್ನು ಕೇಳಿ. ನನ್ನ ಅನುಭವದಲ್ಲಿ ಮೊದಲ ಉತ್ತರ ಯಾವಾಗಲೂ ‘ತಕ್ಕಡಿ ಕೆಟ್ಟಿದೆ ಸಾರ್’.

ಕಮಾನು ಕಟ್ಟಿದ ಬಂಡಿಗೆ ಆಳು ಹತ್ತಿ, ರಾಶಿಯ ಮೇಲೆ ನಿಂತು, ಉದ್ದನೆಯ ಸಲಾಕೆಯಿಂದ ಚುಚ್ಚಬೇಕಿತ್ತು. ಕಮಾನು ಮುರಿದ ಕ್ಷಣ ಕಾಲಡಿಯ ನೆಲವೇ ಕುಸಿಯುತ್ತದೆ. ಹರಿಯುವ ಕಲ್ಲಿದ್ದಲಿನಲ್ಲಿ ಸೊಂಟದವರೆಗೆ ಸಿಕ್ಕಿದವನು ತಾನಾಗಿ ಹೊರಬರಲಾರ. ಸುತ್ತಲಿನ ಕಣಗಳ ಘರ್ಷಣೆ ಅವನನ್ನು ಬಿಡುವುದಿಲ್ಲ. ಈಜು ಬಲ್ಲವನಿಗೂ ಇಲ್ಲಿ ಅದು ಉಪಯೋಗಕ್ಕೆ ಬಾರದು, ಏಕೆಂದರೆ ಇದು ನೀರಲ್ಲ.

ಚಳಿಗಾಲದಲ್ಲಿ ಮತ್ತೊಂದು ಪೀಡೆ. ತೊಳೆದ ಕಲ್ಲಿದ್ದಲಿನಲ್ಲಿ ನೀರು ಇರುತ್ತದೆ. ಗಣಿಯಿಂದ ಬಂದರಿಗೆ ಬರುವ ದಾರಿಯಲ್ಲಿ ಅದು ಹೆಪ್ಪುಗಟ್ಟಿ 50 ಟನ್ ಒಂದೇ ಗಟ್ಟಿಯಾಗುತ್ತದೆ. ಆಗ ಗಿರಣಿಯವನ ಮರದ ತುಂಡಿನ ಬದಲು ದೊಡ್ಡ ಸುತ್ತಿಗೆಗಳು, ಎಣ್ಣೆಯ ಪಂಜುಗಳು, ಬಂಡಿಯನ್ನೇ ಒಳಗಿಟ್ಟು ಬೆಚ್ಚಗಾಗಿಸುವ ಮನೆಗಳು ಬೇಕಾದವು. ಪಂಜಿನ ಉರಿ ಬ್ರೇಕಿನ ರಬ್ಬರ್ ಕೊಳವೆಗೆ ತಗಲಿದರೆ ಬೇರೆ ಅನಾಹುತ. ಮುಂದೆ ಬಂಡಿಯ ಅಂಚಿನ ಮೇಲೆ ಕೂತು ಗಡಗಡ ಅಲುಗಿಸುವ ಯಂತ್ರ ಬಂತು. ಕಲ್ಲಿದ್ದಲೇನೋ ಇಳಿಯಿತು, ಜೊತೆಗೆ ಬಂಡಿಯ ರಿವೆಟ್ಟುಗಳೂ ಸಡಿಲವಾದವು.

ಖಾಲಿ ಬಂಡಿಯ ಬ್ರೇಕು, ತುಂಬಿದ ಬಂಡಿಯ ಭಾರ

1889ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅಮೆರಿಕದ ಸಂಸತ್ತಿಗೆ ಕಳುಹಿಸಿದ ಸಂದೇಶದಲ್ಲಿ, ಒಂದೇ ವರ್ಷದಲ್ಲಿ 2,000ಕ್ಕೂ ಹೆಚ್ಚು ರೈಲ್ವೆ ನೌಕರರು ಕೆಲಸದಲ್ಲಿ ಸತ್ತರು, 20,000ಕ್ಕೂ ಹೆಚ್ಚು ಮಂದಿ ಗಾಯಗೊಂಡರು ಎಂದು ತಿಳಿಸಿದ್ದ. ಇವರಲ್ಲಿ ಅನೇಕರು ಸರಕು ಬಂಡಿಗಳನ್ನು ಕೊಂಡಿ ಹಾಕುವವರು ಮತ್ತು ಬ್ರೇಕ್ ತಿರುಗಿಸುವವರು. ಕೊಂಡಿ ಹಾಕುವವನು ಎರಡು ಬಂಡಿಗಳ ನಡುವೆ ನಿಂತು, ಅವು ಕೂಡುವ ಹೊತ್ತಿಗೆ ಕೈಯಿಂದ ಬಳೆಯನ್ನು ಹಿಡಿದು ಮೊಳೆ ಇಳಿಸಬೇಕಿತ್ತು. ಬೆರಳಿಲ್ಲದ ಕೈ ನೋಡಿದರೆ ಆತನ ವೃತ್ತಿ ಯಾವುದೆಂದು ಕೇಳಬೇಕಿರಲಿಲ್ಲ. 1893ರ ಸುರಕ್ಷತಾ ಕಾನೂನು ತಾನಾಗಿ ಕೂಡುವ ಕೊಂಡಿಯನ್ನೂ ಗಾಳಿ ಬ್ರೇಕನ್ನೂ ಕಡ್ಡಾಯ ಮಾಡಿತು. 1910ರ ತಿದ್ದುಪಡಿ ಏಣಿ, ಹಿಡಿ, ಮೆಟ್ಟಿಲು ಮತ್ತು ಕೈಬ್ರೇಕುಗಳನ್ನೂ ಸೇರಿಸಿತು.

ಆದರೆ ಕೈಬ್ರೇಕು ಹಾಪರಿನ ಬಾಳಿನಲ್ಲಿ ಬಹುಕಾಲ ಮುಖ್ಯವಾಗಿಯೇ ಉಳಿಯಿತು. ಗಣಿಯ ಬಾಯಲ್ಲಿ ಖಾಲಿ ಬಂಡಿಗಳನ್ನು ಸ್ವಲ್ಪ ಇಳಿಜಾರಿನ ಹಳಿಯ ಮೇಲ್ತುದಿಯಲ್ಲಿ ನಿಲ್ಲಿಸಿರುತ್ತಿದ್ದರು. ಒಬ್ಬ ಆಳು ಬಂಡಿ ಹತ್ತಿ, ಕೈಬ್ರೇಕ್ ಸಡಿಲಿಸಿ, ಗುರುತ್ವದಿಂದಲೇ ಅದನ್ನು ಜಾರಿಸಿಕೊಂಡು ಬಂದು ಕಲ್ಲಿದ್ದಲು ಸುರಿಯುವ ಜಾಗದಲ್ಲಿ ನಿಲ್ಲಿಸಬೇಕು. ತುಂಬಿದ ಮೇಲೆ ಮತ್ತೆ ಕೆಳಕ್ಕೆ ಜಾರಿಸಬೇಕು. ಎಂಜಿನ್ ಬೇಡ, ಖರ್ಚು ಕಡಿಮೆ. ಆ ಬ್ರೇಕಿನ ಚಕ್ರ ನೆಟ್ಟನೆಯ ಕಂಬದ ತುದಿಯಲ್ಲಿ, ಕೆಳಗೆ ಸರಪಳಿ, ಕಾಲಿನಿಂದ ಒದೆಯುವ ತಡೆಗೊಕ್ಕೆ. ಬಲ ಸಾಲದಿದ್ದರೆ ಚಕ್ರಕ್ಕೆ ದೊಣ್ಣೆ ಸಿಕ್ಕಿಸಿ ಮೀಟಬೇಕು. ಕೊಕ್ಕೆ ಸವೆದು ಜಾರಿತೆಂದರೆ ಸರಪಳಿಯಲ್ಲಿದ್ದ ಎಳೆತವೆಲ್ಲ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ದೊಣ್ಣೆ ಹಿಡಿದವನನ್ನು ಎಸೆಯುತ್ತದೆ. ಎಸೆದರೆ ಬೀಳುವುದು ಹಳಿಗಳ ನಡುವೆ.

ಗಾಳಿ ಬ್ರೇಕು ಬಂದ ಮೇಲೂ ಹಾಪರಿನ ಒಂದು ಮೂಲ ದೋಷ ಹೋಗಲಿಲ್ಲ. ಇದನ್ನು ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ನೋಡಬೇಕು. 50 ಟನ್ ವರ್ಗದ ಬಂಡಿಯ ಖಾಲಿ ತೂಕ ಅಲ್ಲಿನ ಲೆಕ್ಕದಲ್ಲಿ ಸುಮಾರು 20 ಟನ್. ಹಳಿಯ ಮೇಲಿನ ಒಟ್ಟು ತೂಕದ ಮಿತಿ 84.5 ಟನ್. ಖಾಲಿ ಬಂಡಿಗೆ ಹೆಚ್ಚು ಬ್ರೇಕ್ ಹಾಕಿದರೆ ಚಕ್ರ ತಿರುಗುವುದು ನಿಂತು ಹಳಿಯ ಮೇಲೆ ಜಾರುತ್ತದೆ, ಚಕ್ರ ಒಂದೆಡೆ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಬ್ರೇಕ್ ಕಟ್ಟಿಗೆಗಳು ಒತ್ತುವ ಬಲವನ್ನು ಖಾಲಿ ತೂಕದ 60 ಶೇಕಡಾಕ್ಕೆ ನಿಲ್ಲಿಸುತ್ತಿದ್ದರು. ಬಂಡಿ ತುಂಬಿದಾಗಲೂ ಬಲ ಅಷ್ಟೇ. ಆಗ ಅದು ಒಟ್ಟು ತೂಕದ 14 ಶೇಕಡಾ ಮಾತ್ರ. ಎರಕದ ಕಬ್ಬಿಣದ ಕಟ್ಟಿಗೆಯ ಘರ್ಷಣಾಂಕ 0.15 ಎಂದು ಹಿಡಿದರೆ, ತಡೆಯುವ ಬಲ ತೂಕದ ಸುಮಾರು 0.021ರಷ್ಟು. 2.2 ಶೇಕಡಾ ಇಳಿಜಾರಿನಲ್ಲಿ ಬಂಡಿಯನ್ನು ಕೆಳಗೆಳೆಯುವ ಬಲ? ತೂಕದ 0.022. ಅಂದರೆ ಪೂರ್ತಿ ಬ್ರೇಕ್ ಹಾಕಿದರೂ, ತುಂಬಿದ ಬಂಡಿ ಅಂಥ ಇಳಿಜಾರಿನಲ್ಲಿ ಹೆಚ್ಚೆಂದರೆ ಅದೇ ವೇಗದಲ್ಲಿ ಉರುಳುತ್ತದೆ, ನಿಲ್ಲುವುದು ಅನುಮಾನ!

ಇದರ ಮೇಲೆ ಇನ್ನೊಂದು. 1878ರಲ್ಲಿ ಇಂಗ್ಲೆಂಡಿನಲ್ಲಿ ಡಗ್ಲಸ್ ಗಾಲ್ಟನ್, ವೆಸ್ಟಿಂಗ್‌ಹೌಸ್ ಜೊತೆಗೂಡಿ ನಡೆಸಿದ ಪ್ರಯೋಗಗಳು ಕಬ್ಬಿಣದ ಕಟ್ಟಿಗೆಯ ಘರ್ಷಣೆ ವೇಗ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂದು ತೋರಿಸಿದ್ದವು. ನಮ್ಮ ಪಠ್ಯಪುಸ್ತಕದ ‘ಘರ್ಷಣೆ ವೇಗವನ್ನು ಅವಲಂಬಿಸುವುದಿಲ್ಲ’ ಎಂಬ ವಾಕ್ಯವನ್ನು ಇಲ್ಲಿ ನಂಬಿದರೆ ಕೆಟ್ಟೆವು. ಒಮ್ಮೆ ವೇಗ ಕೈಮೀರಿದರೆ ಬ್ರೇಕ್ ಇನ್ನಷ್ಟು ಸೋಲುತ್ತದೆ, ಸೋತಷ್ಟೂ ವೇಗ ಏರುತ್ತದೆ. ಜೊತೆಗೆ ಹಳೆಯ ಗಾಳಿ ಬ್ರೇಕಿನಲ್ಲಿ ಕೊಳವೆಗೆ ಮತ್ತೆ ಗಾಳಿ ತುಂಬಿಸಲು ಹೋದರೆ ಹಾಕಿದ ಬ್ರೇಕ್ ಪೂರ್ತಿ ಬಿಟ್ಟುಹೋಗುತ್ತಿತ್ತು. ಆದ್ದರಿಂದ ಘಟ್ಟದ ನೆತ್ತಿಯಲ್ಲಿ ರೈಲು ನಿಲ್ಲಿಸಿ, ಪ್ರತಿ ಬಂಡಿಯಲ್ಲೂ ಒಂದು ಚಿಕ್ಕ ಹಿಡಿಯನ್ನು ಕೈಯಿಂದ ತಿರುಗಿಸಿ ಸ್ವಲ್ಪ ಗಾಳಿಯನ್ನು ಸಿಲಿಂಡರಿನಲ್ಲೇ ಹಿಡಿದಿಡುವ ಏರ್ಪಾಡು ಇತ್ತು. ಅರವತ್ತು ಬಂಡಿ, ಅರವತ್ತು ಹಿಡಿ, ಹಿಮ ಬೀಳುತ್ತಿದ್ದರೂ ಸರಿಯೇ.

ಇದು ಹಳೆಯ ಕಾಲದ ಮಾತಷ್ಟೇ ಎನ್ನುವಂತಿಲ್ಲ. 1989ರ ಮೇ 12ರಂದು ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ 2.2 ಶೇಕಡಾ ಇಳಿಜಾರಿನಲ್ಲಿ 69 ಹಾಪರುಗಳ ರೈಲೊಂದು ಇಳಿಯಿತು. ಸರಕು ಕಲ್ಲಿದ್ದಲಲ್ಲ, ಟ್ರೋನಾ ಎಂಬ ಖನಿಜ. ಬಂಡಿಗೆ 60 ಟನ್ ಎಂದು ಗುಮಾಸ್ತನೊಬ್ಬ ಅಂದಾಜು ಬರೆದಿದ್ದ. ನಿಜಕ್ಕೂ ಇದ್ದದ್ದು 100 ಟನ್. ಹೀಗಾಗಿ ಸುಮಾರು 6,150 ಟನ್ ಎಂದುಕೊಂಡ ರೈಲು 8,900 ಟನ್ ತೂಗುತ್ತಿತ್ತು. ಗಂಟೆಗೆ 30 ಮೈಲಿ ವೇಗದಲ್ಲಿ ಆ ಇಳಿಜಾರಿನಲ್ಲಿ ಬ್ರೇಕುಗಳು ಉಷ್ಣವಾಗಿ ಹೊರಹಾಕಬೇಕಾದ ಸಾಮರ್ಥ್ಯವನ್ನು ನೀವೇ ಲೆಕ್ಕ ಹಾಕಿ: ಮೊದಲನೆಯದಕ್ಕೆ ಸುಮಾರು 16 ಮೆಗಾವಾಟ್, ಎರಡನೆಯದಕ್ಕೆ 23. ಎಂಜಿನ್‌ಗಳ ವಿದ್ಯುತ್ ಬ್ರೇಕುಗಳಲ್ಲಿಯೂ ಕೆಲವು ಕೆಟ್ಟಿದ್ದವು. ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ರೈಲು ಸ್ಯಾನ್ ಬರ್ನಾರ್ಡಿನೋ ಊರಿನ ತಿರುವಿನಲ್ಲಿ ಹಳಿ ತಪ್ಪಿ ಮನೆಗಳ ಮೇಲೆ ಬಿತ್ತು. ಇಬ್ಬರು ಸಿಬ್ಬಂದಿ, ಇಬ್ಬರು ಮಕ್ಕಳು ಸತ್ತರು. ಹದಿಮೂರು ದಿನಗಳ ನಂತರ ಅಲ್ಲಿಯೇ ನೆಲದಡಿಯ ಪೆಟ್ರೋಲ್ ಕೊಳವೆ ಒಡೆದು ಉರಿದು ಮತ್ತಿಬ್ಬರು ಸತ್ತರು. ಇಂಥ ಭಾರದ ಬಂಡಿಗಳಲ್ಲಿ ಈಗ ತೂಕ ನೋಡಿ ಬ್ರೇಕಿನ ಬಲ ಬದಲಿಸುವ ಸಾಧನಗಳಿರುತ್ತವೆ.

ಬಿಸಿಯಾದ ಅಚ್ಚು, ತೂಗಾಡುವ ಬಂಡಿ

ಹಳೆಯ ಹಾಪರಿನಲ್ಲಿ ಬಾಲ್ ಬೇರಿಂಗ್, ರೋಲರ್ ಬೇರಿಂಗ್ ಇರಲಿಲ್ಲ. ಅಚ್ಚಿನ ತುದಿಯ ಮೇಲೆ ಹಿತ್ತಾಳೆಯ ಅರ್ಧ ಬಳೆಯೊಂದು ಕೂರುತ್ತಿತ್ತು. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ನೂಲಿನ ಮುದ್ದೆ. ತಿರುಗುವ ಅಚ್ಚು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಇಷ್ಟು ಒರಟು ವ್ಯವಸ್ಥೆ ಟನ್ನುಗಟ್ಟಲೆ ಭಾರವನ್ನು ಹೇಗೆ ತಾಳಿತು?

ಉತ್ತರ ಆಕಸ್ಮಿಕವಾಗಿ ದೊರಕಿತು. ಬೊಚಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲ್ವೆ ಮಾದರಿಯ ಬೇರಿಂಗನ್ನು ಪರೀಕ್ಷಿಸುತ್ತಿದ್ದ. 1883ರಲ್ಲಿ ಅವನ ವರದಿ ಬಂತು. ಎಣ್ಣೆ ಹಾಕಲೆಂದು ಹಿತ್ತಾಳೆಯ ನೆತ್ತಿಗೆ ತೂತು ಕೊರೆದರೆ, ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಮುಚ್ಚಲು ಬಿರಡೆ ಬಡಿದ, ಅದೂ ಹೊರಬಂತು. ಒತ್ತಡಮಾಪಕ ಜೋಡಿಸಿದಾಗ, ಸರಾಸರಿ ಹೊರೆಯ ಒತ್ತಡ ಚದರಂಗುಲಕ್ಕೆ 100 ಪೌಂಡ್ ಇದ್ದರೆ ಮಾಪಕ 200 ಪೌಂಡಿನ ಮಿತಿಯನ್ನೇ ದಾಟಿತು. ಲೋಹ ಲೋಹವನ್ನು ಮುಟ್ಟಿಯೇ ಇರಲಿಲ್ಲ. ಅಚ್ಚು ತಾನೇ ಎಳೆದು ತಂದ ಎಣ್ಣೆಯ ತೆಳು ಪದರದ ಮೇಲೆ ಬಂಡಿ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಕೊಟ್ಟ.

ಹಾಪರಿನ ಚಾಳಿಗಳೆಲ್ಲ ಇದರಿಂದ ಅರ್ಥವಾಗುತ್ತವೆ. ನಿಂತ ಬಂಡಿಯಲ್ಲಿ ಎಣ್ಣೆಯ ಪದರ ಹಿಸುಕಿ ಹೋಗಿರುತ್ತದೆ, ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಹೊರಡುವಾಗ ಘರ್ಷಣೆ ವಿಪರೀತ. ಚಾಲಕ ಮೊದಲು ಸ್ವಲ್ಪ ಹಿಂದಕ್ಕೆ ತಳ್ಳಿ, ಕೊಂಡಿಗಳ ಸಡಿಲವನ್ನು ಕೂಡಿಸಿಕೊಂಡು, ಆಮೇಲೆ ಒಂದೊಂದೇ ಬಂಡಿಯನ್ನು ಕದಲಿಸುತ್ತಿದ್ದ. ಕಲ್ಲಿದ್ದಲಿನ ಪುಡಿ ಪೆಟ್ಟಿಗೆಗೆ ಬಿದ್ದರೆ, ಅಥವಾ ನೂಲಿನ ಎಳೆಯೊಂದು ಹಿತ್ತಾಳೆಯ ಅಡಿಗೆ ಸಿಕ್ಕಿದರೆ ಪದರ ಹರಿಯುತ್ತದೆ. ಲೋಹ ಲೋಹವನ್ನು ಉಜ್ಜಿ, ಎಣ್ಣೆ ಹೊತ್ತಿ, ನೂಲು ಉರಿದು, ಅಚ್ಚಿನ ತುದಿ ಕೆಂಪಗೆ ಕಾದು ಕೊನೆಗೆ ತಿರುಚಿಕೊಂಡು ಮುರಿಯುತ್ತದೆ. ಚಲಿಸುವ ರೈಲಿನ ಹಿಂದಿನ ಬಂಡಿಯಲ್ಲಿ ಕೂತವನು ತಿರುವುಗಳಲ್ಲಿ ಹೊಗೆ ಕಾಣುತ್ತದೆಯೇ, ವಾಸನೆ ಬರುತ್ತದೆಯೇ ಎಂದು ನೋಡುತ್ತಲೇ ಇರಬೇಕಿತ್ತು. ರೋಲರ್ ಬೇರಿಂಗಿನ ಗುಣ ಬಹಳ ಹಿಂದೆಯೇ ತಿಳಿದಿದ್ದರೂ ಅಗ್ಗದ ಕಲ್ಲಿದ್ದಲು ಬಂಡಿಗೆ ಅದು ದುಬಾರಿಯೆಂದು ದಶಕಗಳ ಕಾಲ ಹಾಕಲಿಲ್ಲ. ಇದನ್ನು ನಾನು ತಾಂತ್ರಿಕ ಅಜ್ಞಾನ ಎನ್ನಲಾರೆ.

ಕೊನೆಯದಾಗಿ ಒಂದು ವಿಚಿತ್ರ. 1960ರ ದಶಕದಲ್ಲಿ 100 ಟನ್ ಹೊರುವ ಎತ್ತರದ ಹಾಪರುಗಳು ಬಂದಾಗ, ಅವು ವೇಗದಲ್ಲಲ್ಲ, ನಿಧಾನವಾಗಿ ಹೋಗುವಾಗ ಮಗುಚಿಕೊಳ್ಳತೊಡಗಿದವು. ಅಮೆರಿಕದಲ್ಲಿ ಹಳಿಯ ತುಂಡಿನ ಉದ್ದ 39 ಅಡಿ. 40 ಅಡಿಯ ಬಂಡಿಯಲ್ಲಿ ಸಾಗಿಸಲು ಅನುಕೂಲವೆಂದು ಆ ಅಳತೆ. ಎಡ ಹಳಿಯ ಕೀಲುಗಳು ಬಲ ಹಳಿಯ ತುಂಡುಗಳ ನಡುವಿಗೆ ಬರುವಂತೆ ಅಲ್ಲಿ ಜೋಡಿಸುತ್ತಿದ್ದರು. ಕೀಲು ಸ್ವಲ್ಪ ತಗ್ಗಿರುತ್ತದೆ. ಹೀಗಾಗಿ ಬಂಡಿ ಎಡಕ್ಕೊಮ್ಮೆ, 19.5 ಅಡಿ ಮುಂದೆ ಬಲಕ್ಕೊಮ್ಮೆ ವಾಲುತ್ತದೆ. ಹೊಸ ಬಂಡಿಯ ಮುಂದಿನ ಮತ್ತು ಹಿಂದಿನ ಚಕ್ರಗುಂಪುಗಳ ಅಂತರವೂ ಸುಮಾರು 39 ಅಡಿಯೇ. ಆದ್ದರಿಂದ ಎರಡೂ ತುದಿಗಳು ಒಟ್ಟಿಗೇ ಒಂದೇ ಕಡೆಗೆ ವಾಲುತ್ತವೆ. ಗಂಟೆಗೆ 18 ಮೈಲಿ ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು 0.7 ಬಾರಿ. ತುಂಬಿದ ಬಂಡಿಯ ಸ್ವಾಭಾವಿಕ ತೂಗಾಟದ ಆವೃತ್ತಿಯೂ ಅದರ ಆಸುಪಾಸಿನದೇ. ಅನುರಣನೆಗೆ ಇನ್ನೇನು ಬೇಕು? ತೊಟ್ಟಿಲನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ನಾಲ್ಕಾರು ಕೀಲುಗಳಲ್ಲಿ ತೂಗಾಟ ಬೆಳೆದು ಒಂದು ಬದಿಯ ಚಕ್ರಗಳು ಹಳಿಯಿಂದ ಮೇಲೇಳುತ್ತವೆ. ಕೀಲು ಹಳಿಯ ಮಾರ್ಗಗಳಲ್ಲಿ 13ರಿಂದ 21 ಮೈಲಿಗಳ ನಡುವಿನ ವೇಗದಲ್ಲಿ ಉಳಿಯಬೇಡಿ, ಒಂದೋ ಅದಕ್ಕಿಂತ ನಿಧಾನ, ಇಲ್ಲವೇ ಅದಕ್ಕಿಂತ ಬೇಗ ಹೋಗಿ ಎಂಬ ಅಪ್ಪಣೆಗಳು ಆಗ ಬಂದವು.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಎರಡೂ ಹಳಿಗಳ ಕೀಲುಗಳು ಎದುರುಬದುರಾಗಿರುತ್ತವೆ. ಬ್ರಾಡ್‌ಗೇಜ್ ಹಳಿಯ ತುಂಡಿನ ರೂಢಿಯ ಉದ್ದ 13 ಮೀಟರ್. ಈಗ ಬಹುತೇಕ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಬೆಸೆದು ಉದ್ದ ಮಾಡಿದ್ದಾರೆ. ಆದರೂ ನಿಲ್ದಾಣದ ಬದಿಯ ಹಳೆಯ ಮಾರ್ಗಗಳಲ್ಲಿ ಕೀಲುಗಳು ಕಾಣಸಿಗುತ್ತವೆ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿಯ ಕಲ್ಲಿದ್ದಲು ಹೊತ್ತ ಬಂಡಿಯೊಂದು ಅಂಥ ಹಳಿಯ ಮೇಲೆ ನಿಧಾನವಾಗಿ ಸಾಗುವುದನ್ನು ನೋಡಿದರೆ ಗಮನಿಸಿ: ಅದು ಪಕ್ಕಕ್ಕೆ ವಾಲುತ್ತದೆಯೋ, ಮೇಲೆ ಕೆಳಗೆ ಕುಪ್ಪಳಿಸುತ್ತದೆಯೋ? ಕುಪ್ಪಳಿಸುವ ಆವೃತ್ತಿಯನ್ನು ಗಡಿಯಾರ ಹಿಡಿದು ಎಣಿಸಿದರೆ ರೈಲಿನ ವೇಗ ನಿಮಗೆ ತಿಳಿಯುತ್ತದೆ.